ತೂಕದ ಮೆಷಿನ್ನು ಕೊಟ್ಟ ಚೀಟಿಗಳು: ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೇಲಿ ಒಂದೇ ಒಂದು ಸಾಲು ಕೇಳಿದ್ದೆ, ಚಿಕ್ಕವರಿದ್ದಾಗ ಮೆಷಿನ್ನಿಗೆ ಕಾಸು ಹಾಕಿ ತಗೊಂಡ ಚೀಟಿ, ಕಾರ್ಡು ಏನಾದ್ರೂ ಇನ್ನೂ ಇಟ್ಕೊಂಡಿದೀರಾ ಅಂತ. ಬಂದಿರೋ ಪತ್ರ, ಮೇಲು, ವಾಟ್ಸಾಪ್ ಫೋಟೋ ಎಲ್ಲ ನೋಡಿ ಎರಡು ರಾತ್ರಿ ನಿದ್ದೆ ಸರಿ ಬರ್ಲಿಲ್ಲ ನಂಗೆ, ಅಷ್ಟೊಂದು ನೆನಪು ಎದ್ದು ಕೂತ್ವು. ಎಲ್ಲಾದಕ್ಕೂ ಜಾಗ ಸಾಲಲ್ಲ, ಆದಷ್ಟು ತಗೊಂಡಿದೀನಿ.

ಪ್ರಶ್ನೆ: ನಮ್ಮಪ್ಪ ರೈಲ್ವೇಲಿದ್ರು, ನಾವು ಬೆಳೆದಿದ್ದು ಅರಸೀಕೆರೆ ಕ್ವಾರ್ಟರ್ಸಲ್ಲಿ. ಪ್ಲಾಟ್‌ಫಾರಂ ಮೇಲೆ ಬಣ್ಣಬಣ್ಣದ ಲೈಟು ಉರಿಯೋ ತೂಕದ ಮೆಷಿನ್ ಇತ್ತು, ಹತ್ತು ಪೈಸೆ ಹಾಕಿದ್ರೆ ದಪ್ಪ ರಟ್ಟಿನ ಚೀಟಿ ಬೀಳ್ತಿತ್ತು, ಒಂದು ಕಡೆ ತೂಕ ಮತ್ತೆ ಭವಿಷ್ಯ, ಇನ್ನೊಂದು ಕಡೆ ಸಿನಿಮಾ ನಟರ ಫೋಟೋ. ಅಂಥ 43 ಚೀಟಿ ಹಾರ್ಲಿಕ್ಸ್ ಬಾಟಲೀಲಿ ಹಾಕಿಟ್ಟಿದ್ದೆ, ಮೊನ್ನೆ ಮನೆ ಖಾಲಿ ಮಾಡೋವಾಗ ಅಟ್ಟದ ಮೇಲೆ ಸಿಕ್ತು. ನನ್ನ ಪ್ರಶ್ನೆ ಎರಡು. ತೂಕಕ್ಕೆ ತಕ್ಕ ಹಾಗೆ ಭವಿಷ್ಯ ಬರುತ್ತೆ ಅಂತ ನಾವೆಲ್ಲ ನಂಬಿದ್ವಿ, ಅದು ನಿಜಾನಾ? ಚೀಟಿ ಮೇಲೆ ತಾರೀಕು ಇಲ್ಲ, ಯಾವ್ಯಾವ ವರ್ಷದ್ದು ಅಂತ ಕಂಡುಹಿಡಿಯೋದು ಹೇಗೆ?
– ನಿವೃತ್ತ ಟೀಚರ್, ಹಾಸನ

ಉತ್ತರ: ಮೇಡಂ, ನಿಮ್ಮ ಬಾಟಲಿ ಫೋಟೋ ನೋಡ್ತಿದ್ದ ಹಾಗೇ ಆ ಮೆಷಿನ್ನಿನ ಸದ್ದು ಕೇಳಿಸ್ತು ನಂಗೆ. ಮೊದಲು ಕಾಸು ಒಳಗೆ ಉರುಳೋ ಸದ್ದು, ಆಮೇಲೆ ಒಳಗೆ ಏನೋ ಗರಗರ ಅಂದು ಒಂದು ಕ್ಷಣ ಸುಮ್ಮನಾಗೋದು, ಆ ಒಂದು ಕ್ಷಣ ಉಸಿರು ಹಿಡ್ಕೊಂಡು ನಿಂತಿರ್ತಿದ್ವಿ, ಆಮೇಲೆ ಟಪ್ ಅಂತ ಕೆಳಗಿನ ಬಾಯಿಗೆ ಚೀಟಿ.

ಭವಿಷ್ಯದ ವಿಷಯಕ್ಕೆ ಬರ್ತೀನಿ. ತೂಕಕ್ಕೂ ಭವಿಷ್ಯಕ್ಕೂ ಸಂಬಂಧ ಇರ್ಲಿಲ್ಲ. ಒಳಗೆ ಎರಡು ಕೆಲಸ ಬೇರೆ ಬೇರೆ ನಡೀತಿತ್ತು. ನೀವು ನಿಂತ ಹಲಗೆ ಕೆಳಗೆ ಸನ್ನೆಗಳಿದ್ವು, ಅವು ನಿಮ್ಮ ಭಾರಾನ ಮೇಲಕ್ಕೆ ದಾಟಿಸಿ, ಅಂಕಿ ಕೆತ್ತಿರೋ ಒಂದು ಚಕ್ರನ ಅಷ್ಟಕ್ಕೆ ತಿರುಗಿಸಿ ನಿಲ್ಲಿಸೋವು. ಇನ್ನೊಂದು ಕಡೆ ಚೀಟಿಗಳನ್ನ ಒಂದರ ಮೇಲೊಂದು ಪೇರಿಸಿಟ್ಟಿರೋ ಉದ್ದನೆ ಗೂಡು. ಕಾಸು ಬಿದ್ರೆ ಸರದೀಲಿರೋ ಒಂದು ಚೀಟಿ ಆಚೆ ಬಂದು, ಚಕ್ರದ ಅಂಕಿ ಅದರ ಮೇಲೆ ಒತ್ತಿ, ಕೆಳಗೆ ಬೀಳೋದು. ಫೋಟೋ, ಭವಿಷ್ಯ ಎಲ್ಲ ಮೊದಲೇ ಪ್ರೆಸ್ಸಲ್ಲಿ ಅಚ್ಚಾಗಿ ಬಂದಿರೋದು, ಅಲ್ಲಿ ಒತ್ತಿದ್ದು ತೂಕ ಒಂದೇ. ಅಂದ್ರೆ ನಿಮ್ಮ ಮುಂದೆ ಯಾರೋ ಒಬ್ಬರು ಬಂದು ಕಾಸು ಹಾಕಿಬಿಟ್ರೆ ನಿಮಗೆ ಬರಬೇಕಾದ ಭವಿಷ್ಯ ಅವರ ಜೇಬಿಗೆ ಹೋಗ್ತಿತ್ತು! ಬೇಕಾದ್ರೆ ನಿಮ್ಮ 43ರಲ್ಲಿ ಒಂದೇ ತೂಕ ಇರೋ ಎರಡು ಮೂರು ಚೀಟಿ ಹುಡುಕಿ ಭವಿಷ್ಯ ಓದಿ ನೋಡಿ, ಬೇರೆ ಬೇರೆ ಇರುತ್ತೆ.

ಇನ್ನು ವರ್ಷ. ತೂಕ ಪೌಂಡಲ್ಲಿದ್ರೆ ಅದು ಬಹಳ ಹಳೇದು, ಯಾಕಂದ್ರೆ ನಮ್ಮ ದೇಶದಲ್ಲಿ ಕೆಜಿ ಲೆಕ್ಕ ಬರೋಕೆ ಶುರುವಾಗಿದ್ದು 1958ರ ಅಕ್ಟೋಬರಿಂದ, ಪೂರ್ತಿ ಕಡ್ಡಾಯ ಆಗೋಷ್ಟೊತ್ತಿಗೆ ಅರವತ್ತರ ದಶಕ ಬಂದಿತ್ತು. ಆಮೇಲೆ ಫೋಟೋ ನೋಡಿ. ಹೇಮಾಮಾಲಿನಿ ಹಿಂದಿ ಸಿನಿಮಾಗೆ ನಾಯಕಿ ಆಗಿ ಬಂದಿದ್ದು 1968ರಲ್ಲಿ, ಹಂಗಾಗಿ ಅವರ ಚೀಟಿ ಅದಕ್ಕಿಂತ ಹಿಂದಿಂದು ಆಗೋಕೆ ಸಾಧ್ಯ ಇಲ್ಲ. ಆದ್ರೆ ಇದೆಲ್ಲ ಅಂದಾಜು ಅಷ್ಟೆ, ಮೇಡಂ. ನಿಜವಾದ ತಾರೀಕು ಆ ಚೀಟಿ ಮೇಲೇ ಇದೆ, ನೀವು ಗಮನಿಸಿಲ್ಲ. ಬೆಳೆಯೋ ಮಗು ತೂಕ ವರ್ಷ ವರ್ಷ ಏರ್ತಾ ಹೋಗುತ್ತಲ್ವಾ? 43 ಚೀಟೀನೂ ನೆಲದ ಮೇಲೆ ಹರಡಿ, ಕಡಿಮೆ ತೂಕದಿಂದ ಜಾಸ್ತಿ ತೂಕಕ್ಕೆ ಸಾಲಾಗಿ ಜೋಡಿಸಿ, ನಿಮ್ಮ ಬಾಲ್ಯ ಸಾಲಾಗಿ ಬಂದು ಕೂರುತ್ತೆ. ಹದಿನೆಂಟು ಕೆಜಿ ಇದ್ದ ಹುಡುಗಿಯಿಂದ ಹಿಡಿದು ಮೂವತ್ತೈದೋ ನಲವತ್ತೋ ಕೆಜಿ ಹುಡುಗಿ ತನಕ. ಜ್ವರ ಬಂದು ಇಳಿದ ವರ್ಷ ಇದ್ರೆ ಮಾತ್ರ ಒಂದೆರಡು ಚೀಟಿ ಹಿಂದೆ ಮುಂದೆ ಆಗ್ಬಹುದು. ಯಾರಾದ್ರೂ ಯಾವ ವರ್ಷದ್ದು ಅಂತ ಕೇಳಿದ್ರೆ ಆ ಸಾಲು ತೋರಿಸಿ, ಅದಕ್ಕಿಂತ ಬೇರೆ ಉತ್ತರ ಬೇಕಾಗಲ್ಲ.

ನನ್ನದೂ ಒಂದು ಹೇಳ್ಬೇಕು. ನಾವು ಶಿವಮೊಗ್ಗದಿಂದ ಅಜ್ಜಿ ಮನೆಗೆ ಹೋಗೋವಾಗ ಬೀರೂರಲ್ಲಿ ಇಳಿದು ಬೇರೆ ಗಾಡಿಗೆ ಕಾಯ್ಬೇಕಿತ್ತು, ಒಂದೊಂದ್ಸಲ ಎರಡು ಗಂಟೆ, ಅಪ್ಪ ಒಂದೇ ಒಂದು ಹತ್ತು ಪೈಸೆ ಕೊಡ್ತಿದ್ರು ಇಬ್ಬರಿಗೂ ಸೇರಿ, ಆ ಹೂವಿನ ಎಸಳಿನ ಅಂಚಿನ ಅಲ್ಯುಮಿನಿಯಂ ನಾಣ್ಯ ನೆನಪಿದೆಯಲ್ಲ, ಅದು. ನಾನು ತಮ್ಮ ಇಬ್ರೂ ಕೈ ಹಿಡ್ಕೊಂಡು ಒಟ್ಟಿಗೇ ಹಲಗೆ ಹತ್ತುತಿದ್ವಿ. ಅಂಥದ್ದೊಂದು ಚೀಟಿ ಇವತ್ತಿಗೂ ನನ್ನ ಹತ್ರ ಇದೆ, 41 ಕೆಜಿ, ಹಿಂದೆ ಧರ್ಮೇಂದ್ರ. ತಮ್ಮ ಹೋಗಿ ಒಂಬತ್ತು ವರ್ಷ ಆಯ್ತು. ಆ 41ರಲ್ಲಿ ಅವನದೆಷ್ಟು ನನ್ನದೆಷ್ಟು ಅಂತ ಬಿಡಿಸೋಕೆ ಈಗ ದಾರಿ ಇಲ್ಲ, ನಾನು ಬಿಡಿಸೋಕೂ ಹೋಗಿಲ್ಲ.

ಪ್ರಶ್ನೆ: ನಾವಿರೋದು ಅಮೆರಿಕದ ಶಿಕಾಗೋ ಹತ್ರ. ಇಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತೆ, ಅಲ್ಲಿ ಮಗಳು ಎರಡು ಡಾಲರ್ ಕೊಟ್ಟು ಒಂದು ಕಾರ್ಡ್ ತಗೊಂಡ್ಲು. ಹೆಚ್ಚೂಕಮ್ಮಿ ಪೋಸ್ಟ್‌ಕಾರ್ಡ್ ಸೈಜು, ಕುದುರೆ ಪಕ್ಕ ನಿಂತಿರೋ ಕೌಬಾಯ್ ಫೋಟೋ, ಹಿಂದೆ ಪೂರ್ತಿ ಖಾಲಿ. ಮಾರ್ತಿದ್ದ ಅಜ್ಜ ಇದು ಆರ್ಕೇಡ್ ಕಾರ್ಡು, ನಾನು ಹುಡುಗ ಇದ್ದಾಗ ಶೂ ಡಬ್ಬಿ ತುಂಬ ಸೇರಿಸಿದ್ದೆ ಅಂತ ಹೇಳ್ತಾ ಹೇಳ್ತಾ ಅವರ ಕಣ್ಣು ತೇವ ಆಯ್ತು. ಮಗಳಿಗೆ ಒಂಬತ್ತು ವರ್ಷ, ಆ ಕಾರ್ಡಿನ ಕತೆ ಪೂರ್ತಿ ಬೇಕಂತೆ.
– ಒಬ್ಬ ಕನ್ನಡದ ಅಮ್ಮ

ಉತ್ತರ: ಮೊದಲು ಮಗಳಿಗೆ ಇದನ್ನ ಹೇಳಿ, ಅವಳ ಕೈಲಿರೋ ಕಾರ್ಡು ಹುಟ್ಟಿದ್ದು ಬಹುಶಃ ನೀವಿರೋ ಊರಲ್ಲೇ. ಆ ಥರದ ಕಾರ್ಡು ಎಲ್ಲರಿಗಿಂತ ಜಾಸ್ತಿ ಮಾಡಿದ್ದು ಶಿಕಾಗೋದ ಎಕ್ಸಿಬಿಟ್ ಸಪ್ಲೈ ಕಂಪನಿ, 1920ರ ದಶಕದ ಶುರುವಿಂದ 1960ರ ದಶಕದವರೆಗೂ. ಅದಕ್ಕೇ ಅಲ್ಲಿ ಸಂಗ್ರಹ ಮಾಡೋರು ಈ ಕಾರ್ಡುಗಳನ್ನ ಎಕ್ಸಿಬಿಟ್ ಅಂತಲೇ ಕರೀತಾರೆ. ನ್ಯೂಯಾರ್ಕಿನ ಇಂಟರ್‌ನ್ಯಾಷನಲ್ ಮ್ಯೂಟೋಸ್ಕೋಪ್ ಅನ್ನೋ ಕಂಪನೀನೂ ಮಾಡ್ತಿತ್ತು, ಆದ್ರೆ ಕಪ್ಪು ಬಿಳಿ ಕೌಬಾಯ್ ಅಂದ್ರೆ ನಂಗೆ ಶಿಕಾಗೋನೇ ಅನ್ಸುತ್ತೆ. ಕಾರ್ಡಿನ ಕೆಳಗಡೆ ಅಂಚಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಮೆರಿಕದಲ್ಲಿ ಅಚ್ಚಾಗಿದ್ದು ಅನ್ನೋ ಅರ್ಥದ ಇಂಗ್ಲಿಷ್ ಸಾಲು ಇದೆಯಾ ನೋಡಿ.

ಆರ್ಕೇಡ್ ಅಂದ್ರೆ ಈಗಿನ ವಿಡಿಯೋ ಗೇಮ್ ಅಂಗಡಿ ಅಲ್ಲ. ಒಂದೊಂದು ಸೆಂಟ್ ಹಾಕಿದ್ರೆ ಏನಾದ್ರೊಂದು ಆಟ ತೋರಿಸೋ ಮೆಷಿನ್ನುಗಳು ಸಾಲಾಗಿ ನಿಂತಿರೋ ಹಜಾರ, ಸಮುದ್ರದ ದಂಡೇಲಿ, ಅಮ್ಯೂಸ್‌ಮೆಂಟ್ ಪಾರ್ಕಲ್ಲಿ. ಅದರಲ್ಲಿ ಒಂದು ಈ ಕಾರ್ಡಿನ ಮೆಷಿನ್ನು. ಒಂದು ಸೆಂಟ್ ಹಾಕು, ಹಿಡಿ ಒತ್ತು, ಒಂದು ಕಾರ್ಡು ಬೀಳುತ್ತೆ. ಯಾವ ಕಾರ್ಡು ಅಂತ ಆರಿಸೋಕೆ ಆಗಲ್ಲ. ಅಂಗಡಿಯೋನಿಗೆ ಇದರಷ್ಟು ಸುಲಭದ ಮೆಷಿನ್ ಇನ್ನೊಂದಿಲ್ಲ, ಕಟ್ಟು ತುಂಬಿಸಿ ಬೀಗ ಹಾಕಿದ್ರೆ ಆಯ್ತು, ಮಿಕ್ಕಿದ್ದು ಹುಡುಗರ ಆಸೆ ನೋಡ್ಕೊಳ್ತಿತ್ತು. ಬೇಸ್‌ಬಾಲ್ ಆಟಗಾರರು, ಬಾಕ್ಸರ್‌ಗಳು, ಸಿನಿಮಾ ನಟ ನಟಿಯರು, ರಾಯ್ ರಾಜರ್ಸ್ ಜೀನ್ ಆಟ್ರಿ ಥರದ ಕೌಬಾಯ್‌ಗಳು, ಎಲ್ಲರೂ ಇದ್ರು. 1939ರಿಂದ 1946ರ ನಡುವೆ ಬಂದ ಬೇಸ್‌ಬಾಲ್ ಕಾರ್ಡುಗಳಲ್ಲಂತೂ ಫೋಟೋ ಮೇಲೆ ಆಟಗಾರರೇ ಕೈಯಾರೆ ಬರೆದ ಹಾಗೆ ಸಿನ್ಸಿಯರ್ಲಿ, ಬೆಸ್ಟ್ ವಿಶಸ್ ಅಂತ ಒಕ್ಕಣೆ ಹಾಕಿ ಕೆಳಗೆ ಸಹಿ ಅಚ್ಚು ಹಾಕಿರ್ತಿದ್ರು. ಎಂಟು ವರ್ಷದ ಹುಡುಗನಿಗೆ ಟೆಡ್ ವಿಲಿಯಮ್ಸ್ ತನಗೇ ಸಹಿ ಹಾಕಿ ಕಳಿಸಿದ್ದಾನೆ ಅನ್ಸಿದ್ರೆ ಆಶ್ಚರ್ಯ ಏನಿದೆ.

ನಂಗೆ ಈ ಕಾರ್ಡುಗಳಲ್ಲಿ ತುಂಬ ಇಷ್ಟ ಆಗೋದು ಒಂದು ವಿಷಯ. ಬಬಲ್ ಗಮ್ ಜೊತೆ ಬರ್ತಿದ್ದ ಕಾರ್ಡಿಗೆ ನಂಬರ್ ಇರ್ತಿತ್ತು, ಹಿಂಗಾಗಿ ಇನ್ನೆಷ್ಟು ಸಿಗಬೇಕು ಅಂತ ಹುಡುಗರಿಗೆ ಲೆಕ್ಕ ಸಿಗೋದು. ಎಕ್ಸಿಬಿಟ್ ಕಾರ್ಡುಗಳಿಗೆ ಸಾಮಾನ್ಯವಾಗಿ ನಂಬರೇ ಇಲ್ಲ. ಒಟ್ಟು ಎಷ್ಟಿದೆ, ನನ್ನದು ಪೂರ್ತಿ ಆಯ್ತಾ ಇಲ್ವಾ, ಯಾವ ಹುಡುಗನಿಗೂ ಗೊತ್ತಾಗೋ ಹಾಗಿರ್ಲಿಲ್ಲ. ಆ ಅಜ್ಜ ಶೂ ಡಬ್ಬಿ ತುಂಬಿದ ಮೇಲೂ ಇನ್ನೊಂದು ಸೆಂಟ್ ಹಾಕಿರ್ತಾರೆ, ಇದು ಇನ್ನೂ ಇದೆಯೇನೋ ಅಂತ. ಅದೇ ಕಂಪನಿ ನಿನ್ನ ಗಂಡ ಹೇಗಿರ್ತಾನೆ, ಮಕ್ಕಳೆಷ್ಟು ಅಂತ ಹೇಳೋ ಭವಿಷ್ಯದ ಕಾರ್ಡನ್ನೂ ಮೆಷಿನ್ನಲ್ಲಿ ಮಾರ್ತಿತ್ತು. ಅಲ್ಲಿ ಫೋಟೋಗೊಂದು ಕಾರ್ಡು, ಭವಿಷ್ಯಕ್ಕೊಂದು ಕಾರ್ಡು, ತೂಕಕ್ಕೆ ಇನ್ನೊಂದು ಮೆಷಿನ್ನು. ನಮ್ಮ ರೈಲ್ವೆ ಸ್ಟೇಷನ್ನಲ್ಲಿ ಮೂರೂ ಸೇರಿ ಒಂದೇ ಚೀಟಿ, ಹತ್ತು ಪೈಸೆಗೆ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಗಳ ಜೊತೆ ಮಾಡಿ. ಈ ಕಾರ್ಡುಗಳ ಹೊಸ ಅಚ್ಚುಗಳೂ ಓಡಾಡ್ತಿವೆ. ನೋಟು ಅಸಲಿಯೋ ನಕಲಿಯೋ ಅಂತ ನೋಡೋ ಚಿಕ್ಕ ಯುವಿ ಲೈಟ್ ಸಿಗುತ್ತಲ್ಲ, ಅದನ್ನ ಕತ್ತಲೆ ಕೋಣೇಲಿ ಕಾರ್ಡಿನ ಬಿಳಿ ಭಾಗದ ಮೇಲೆ ಬಿಡಿ. ಕಾಗದ ನೀಲಿಯಾಗಿ ಪಳಪಳ ಹೊಳೆದ್ರೆ ಅದರಲ್ಲಿ ಬಿಳುಪು ಜಾಸ್ತಿ ಮಾಡೋ ಕೆಮಿಕಲ್ ಇದೆ ಅಂತ ಅರ್ಥ, ಅದು ಕಾಗದಕ್ಕೆ ಬಂದಿದ್ದು ಎರಡನೇ ಮಹಾಯುದ್ಧ ಆದ್ಮೇಲೆ. ಮಂಕಾಗೇ ಇದ್ರೆ ಹಳೇದಾಗಿರೋ ಸಾಧ್ಯತೆ ಹೆಚ್ಚು. ನಾಲ್ಕು ಮೂಲೇಲಿ ಗುಂಡುಪಿನ್ನಿನ ತೂತು ಇದ್ರೆ ಬೇಜಾರು ಮಾಡ್ಕೋಬೇಡಿ, ಯಾವುದೋ ಹುಡುಗ ಮಲಗೋ ಕೋಣೆ ಗೋಡೇಲಿ ಸಿಕ್ಕಿಸಿದ್ದ ಗುರುತು ಅದು. ಆ ಅಜ್ಜನ್ನ ಇನ್ನೊಂದು ಭಾನುವಾರ ಹುಡುಕ್ಕೊಂಡು ಹೋಗಿ ಅವರ ಹತ್ರಾನೇ ಮಿಕ್ಕ ಕತೆ ಕೇಳಿಸಿ, ಅದನ್ನ ನಾನು ಇಲ್ಲಿಂದ ಬರೆಯೋಕಾಗಲ್ಲ.

ಪ್ರಶ್ನೆ: ನನ್ನ ಹತ್ರ 200ಕ್ಕೂ ಹೆಚ್ಚು ತೂಕದ ಚೀಟಿ ಇವೆ. ಈಗ ವಿಂಟೇಜ್ ಅಂತ ಎಲ್ಲದಕ್ಕೂ ರೇಟ್ ಬಂದಿದೆಯಲ್ಲ, ಮಾರಿದ್ರೆ ಎಷ್ಟು ಸಿಗಬಹುದು?
– ಬೆಂಗಳೂರು

ಉತ್ತರ: ದೊಡ್ಡ ದುಡ್ಡೇನೂ ನಿರೀಕ್ಷೆ ಮಾಡಬೇಡಿ. ಅಮೆರಿಕದಲ್ಲಿ ದೊಡ್ಡ ಆಟಗಾರರ ಕಾರ್ಡಿಗೆ ಬೆಲೆ ಬಂದಿರೋದು ಅಲ್ಲಿ ಪಟ್ಟಿ ಇದೆ, ದರ್ಜೆ ಹಾಕೋರಿದಾರೆ, ಕೊಳ್ಳೋರಿದಾರೆ ಅಂತ. ನಮ್ಮ ತೂಕದ ಚೀಟಿಗೆ ಅಂಥ ಏರ್ಪಾಡು ಬೆಳೆದಿಲ್ಲ. ಮಾರಲೇಬೇಕು ಅಂದ್ರೆ ಬಿಡಿ ಬಿಡಿಯಾಗಿ ಮಾರಬೇಡಿ, ಒಟ್ಟಿಗೆ ಒಬ್ಬರಿಗೇ ಕೊಡಿ. ನನ್ನನ್ನ ಕೇಳಿದ್ರೆ ಮಾರಬೇಡಿ. ಅದರಲ್ಲಿ ನಿಮ್ಮ ಅಮ್ಮನ ತೂಕ ಒಂದಾದ್ರೂ ಇರುತ್ತೆ, ಅದು ಯಾವುದು ಅಂತ ಕೊಂಡೋರಿಗೆ ಗೊತ್ತಾಗಲ್ಲ.

ಪ್ರಶ್ನೆ: ನಮ್ಮ ಶಿರಸಿಗೆ ರೈಲೇ ಇರ್ಲಿಲ್ಲ, ಇವತ್ತಿಗೂ ಇಲ್ಲ. ಹಂಗಾಗಿ ನಿಮ್ಮ ತೂಕದ ಮೆಷಿನ್ ನಾವು ನೋಡಿದ್ದು ಹುಬ್ಬಳ್ಳಿಗೆ ಹೋದಾಗ ಮಾತ್ರ. ಆದ್ರೆ ಮಾರಿಕಾಂಬಾ ಜಾತ್ರೇಲಿ ಒಂದು ದೊಡ್ಡ ರಟ್ಟು ನೇತಾಕ್ತಿದ್ರು, ತುಂಬ ಸಣ್ಣ ಸಣ್ಣ ಚೀಟಿ ಅಂಟಿಸಿರೋದು, ಐದು ಪೈಸೆ ಕೊಟ್ಟು ಒಂದು ಕಿತ್ತು ಬಿಡಿಸಿದ್ರೆ ನಂಬರ್, ಆ ನಂಬರಿಗೆ ರಾಜಕುಮಾರ್ ಫೋಟೋನೋ ಕಲ್ಪನಾ ಫೋಟೋನೋ. ಇದು ನಿಮ್ಮ ಲೆಕ್ಕಕ್ಕೆ ಬರುತ್ತಾ?
– ಶಿರಸಿ

ಉತ್ತರ: ಬರುತ್ತೆ, ಬರದೇ ಏನು! ಮೆಷಿನ್ ಬದಲು ಒಬ್ಬ ಮನುಷ್ಯ ಕೂತಿರ್ತಿದ್ದ ಅಷ್ಟೆ. ನಮಗೆ ಯಾವುದು ಸಿಗುತ್ತೆ ಅಂತ ಗೊತ್ತಿಲ್ದೆ ಕಾಸು ಕೊಡೋದು, ಅದೇ ಅಲ್ವಾ ಇದರ ಜೀವ. ಅದರಲ್ಲೂ ನಿಮ್ಮ ಜಾತ್ರೆ ಎರಡು ವರ್ಷಕ್ಕೊಂದ್ಸಲ, ಬೇಕಾದ ಫೋಟೋ ಈ ಸಲ ಬರ್ಲಿಲ್ಲ ಅಂದ್ರೆ ಎರಡು ವರ್ಷ ಕಾಯ್ಬೇಕು, ಅರಸೀಕೆರೆ ಹುಡುಗಿ ಹಂಗೆ ನಾಳೆ ಮತ್ತೆ ಹೋಗಿ ಹಾಕೋಕೆ ಆಗಲ್ಲ. ನನ್ನ ಡಬ್ಬೀಲಿರೋ ತೂಕದ ಚೀಟಿಲೆಲ್ಲ ಹಿಂದಿಯೋರೇ ಇರೋದು, ಒಂದೂ ಕನ್ನಡದ ಮುಖ ಇಲ್ಲ. ರಾಜಕುಮಾರ್ ನಮಗೆ ಸಿಗ್ತಿದ್ದದ್ದು ನಿಮ್ಮ ಹಾಗೆ ಜಾತ್ರೇಲಿ, ಇಲ್ಲಾಂದ್ರೆ ಟೆಂಟ್ ಸಿನಿಮಾ ಬಾಗಿಲಲ್ಲಿ ಮಾರೋ ಹಾಡಿನ ಪುಸ್ತಕದ ಮೇಲೆ. ಆ ಫೋಟೋ ಒಂದಾದ್ರೂ ಉಳಿದಿದ್ರೆ ಫೋನಲ್ಲಿ ತೆಗೆದು ಕಳಿಸಿ, ದಯವಿಟ್ಟು.

ಪ್ರಶ್ನೆ: ಮಂಗಳೂರಿನ ಮಳೆಗಾಲಕ್ಕೆ ಚೀಟಿಗಳಿಗೆ ಬೂಸ್ಟು ಹಿಡೀತಿದೆ. ಪ್ಲಾಸ್ಟಿಕ್ ಹಾಳೆ ಇರೋ ಆಲ್ಬಮ್ಮಿಗೆ ಹಾಕಿಟ್ಟಿದ್ದೆ, ಫೋಟೋ ಪ್ಲಾಸ್ಟಿಕ್ಕಿಗೇ ಅಂಟಿಕೊಂಡಿದೆ. ಎಲ್ಲ ತೆಗೆದು ಲ್ಯಾಮಿನೇಷನ್ ಮಾಡಿಸಿಬಿಡ್ಲಾ?
– ಮಂಗಳೂರು

ಉತ್ತರ: ಬೇಡ, ಬೇಡ, ಬೇಡ. ಲ್ಯಾಮಿನೇಷನ್ ಅಂದ್ರೆ ಬಿಸಿ ಮಾಡಿ ಅಂಟು ಕರಗಿಸಿ ಕಾಗದದೊಳಕ್ಕೆ ಇಳಿಸೋದು, ಒಂದ್ಸಲ ಮಾಡಿಸಿದ್ರೆ ವಾಪಸ್ ತೆಗೆಯೋಕೆ ಆಗಲ್ಲ, ಒಳಗಿರೋ ತೇವ ಒಳಗೇ ಸಿಕ್ಕಿಹಾಕ್ಕೊಳುತ್ತೆ. ನಮ್ಮ ಮನೇಲಿ ಅಜ್ಜನ ಒಂದೇ ಒಂದು ಪತ್ರ ಇದ್ದಿದ್ದು ಹಿಂಗೇ ಹಾಳಾಯ್ತು, ಒಳ್ಳೇದಾಗ್ಲಿ ಅಂತಲೇ ಮಾಡಿಸಿದ್ವಿ, ಆ ಸಂಕಟ ಇನ್ನೂ ಇದೆ.

ಅಂಟಿಕೊಂಡಿರೋದಕ್ಕೆ ಕಾರಣ ಅಗ್ಗದ ಆಲ್ಬಮ್ಮಿನ ಪಿವಿಸಿ ಹಾಳೆ. ವಾಸನೆ ಬರೋ ಮೆತ್ತನೆ ಪ್ಲಾಸ್ಟಿಕ್ ಇರುತ್ತಲ್ಲ, ಅದರಲ್ಲಿರೋ ಎಣ್ಣೆಯಂಥ ಪದಾರ್ಥ ಸೆಕೆಗೆ ಹೊರಗೆ ಬಂದು ಇಂಕನ್ನ ಎಳ್ಕೊಳುತ್ತೆ. ಅಂಟಿದ್ದನ್ನ ಉಗುರಿಂದ ಕೀಳಬೇಡಿ, ನೀರಲ್ಲಿ ಅಂತೂ ನೆನೆಸಲೇಬೇಡಿ. ಸುತ್ತಲಿನ ಪ್ಲಾಸ್ಟಿಕ್ ಕತ್ತರಿಸಿ ಆ ಚೀಟಿನ ಹಾಗೇ ಬೇರೆ ಇಡಿ, ಬಿಡಿಸಲೇಬೇಕು ಅಂದ್ರೆ ಹಳೇ ಕಾಗದ ರಿಪೇರಿ ಮಾಡೋರ ಕೈಗೆ ಕೊಡಿ. ಅಂಟದೆ ಇರೋದನ್ನ ಇವತ್ತೇ ಆಚೆ ತೆಗೀರಿ, ಬಿಸಿಲಿಗೆ ಹಾಕಬೇಡಿ, ಫ್ಯಾನಿನ ಕೆಳಗೆ ನೆರಳಲ್ಲಿ ಆರಿಸಿ, ಬೂಸ್ಟು ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿಂದ ಮನೆ ಹೊರಗೆ ನಿಂತು ಮೂಗಿಗೆ ಬಟ್ಟೆ ಕಟ್ಕೊಂಡು ಸವರಿ. ಆಮೇಲೆ ಆಸಿಡ್ ಇಲ್ಲದ ಕಾಗದದ ಚಿಕ್ಕ ಕವರಲ್ಲಿ ಹಾಕಿ ಸ್ಟೀಲ್ ಡಬ್ಬೀಲಿಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ಆ ಪೊಟ್ಟಣ ತಿಂಗಳಿಗೊಮ್ಮೆ ಬದಲಿಸಿ. ನುಸಿಗುಳಿಗೆ ನೇರವಾಗಿ ಚೀಟಿ ಮೇಲೆ ಬೀಳಬಾರದು. ರಬ್ಬರ್ ಬ್ಯಾಂಡ್, ಸೆಲ್ಲೋಟೇಪು, ಸ್ಟೇಪ್ಲರ್ ಪಿನ್ನು ಯಾವುದೂ ಹತ್ರ ಬರಬಾರದು.

ಹಾಂ, ಹಿಂದೆ ಪೆನ್ಸಿಲಲ್ಲಿ ಊರಿನ ಹೆಸರೋ ತಾರೀಕೋ ಬರೆದಿದ್ರೆ ಗಲೀಜು ಅಂತ ರಬ್ಬರ್ ಹಾಕಿ ಅಳಿಸಬೇಡಿ. ಬರೆದಿಲ್ಲ ಅಂದ್ರೆ ಈಗ ನೆನಪಿರೋವಾಗಲೇ ಕವರ್ ಮೇಲೆ ಬರೀರಿ, ಚೀಟಿ ಮೇಲಲ್ಲ.

ಪ್ರಶ್ನೆ: 1996ರಾಗ ನಾ ಆರನೇತ್ತಾ ಇದ್ದೆರಿ. ಬಿಗ್ ಫನ್ ಬಬಲ್ ಗಮ್ ಜೋಡಿ ಕ್ರಿಕೆಟ್ ಕಾರ್ಡ್ ಬರತಿದ್ವಲ್ಲ, ರನ್ ಕೂಡಸೋದು ನಮ್ಮ ಓಣಿ ಹುಡುಗರಿಗೆಲ್ಲಾ ಹುಚ್ಚು. ಬೆಂಗಳೂರಾಗ ಪಾಕಿಸ್ತಾನದ ಮ್ಯಾಚ್ ಗೆದ್ದ ಮರುದಿನ ನನ್ನ ದೋಸ್ತನ ಕಂಪಾಸ್ ಬಾಕ್ಸಿನಾಗಿಂದ ಕುಂಬ್ಳೆ ಕಾರ್ಡ್ ಕದ್ದೆ. ಅಂವಾ ಮೂರು ದಿನ ಹುಡುಕಿದ, ನಾನೂ ಅವನ ಜೋಡಿ ಹುಡುಕಿದಂಗ ಮಾಡಿದೆ. ಆ ಕಾರ್ಡ್ ಇನ್ನೂ ನನ್ನ ಕಡೆ ಐತ್ರಿ. ಅಂವಾ ಈಗ ಪುಣೇದಾಗ ಅದಾನ, ಹಬ್ಬಕ್ಕ ಫೋನ್ ಮಾಡ್ತಾನ. ಹೇಳ್ಲೋ ಬ್ಯಾಡೋ ತಿಳೀವಲ್ದು.
– ಧಾರವಾಡ

ಉತ್ತರ: ತಮ್ಮಾ, ಹೇಳು. ಪತ್ರದಲ್ಲಿ ನೀನು ಬಳಸಿರೋ ಒಂದು ಮಾತು ನನ್ನ ಮನಸ್ಸಲ್ಲಿ ನಿಂತಿದೆ, ಅವನ ಜೊತೆ ನೀನೂ ಹುಡುಕಿದ ಹಾಗೆ ಮಾಡಿದೆ ಅಂದ್ಯಲ್ಲ, ಕದ್ದಿದ್ದಕ್ಕಿಂತ ನಿನ್ನನ್ನ ಇಷ್ಟು ವರ್ಷ ಕೊರೆದಿರೋದು ಅದೇ ಅನ್ಸುತ್ತೆ. 1996ರ ಮಾರ್ಚ್ 9, ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್ ಸ್ಟಂಪ್ ಹಾರಿಸಿದ ರಾತ್ರಿ. ಅದರ ಮರುದಿನ ಕರ್ನಾಟಕದಲ್ಲಿ ಯಾವ ಹುಡುಗನಿಗೆ ಕುಂಬ್ಳೆ ಕಾರ್ಡ್ ಬೇಡ ಹೇಳು? ನಿನ್ನ ಆಸೆ ನಂಗೆ ಅರ್ಥ ಆಗುತ್ತೆ. ಅವನ ಆಸೆನೂ ಅಷ್ಟೇ ಇತ್ತು.

ಫೋನಲ್ಲಿ ಹೇಳಬೇಡ, ಫೋನಲ್ಲಿ ಅವನು ನಕ್ಕುಬಿಡ್ತಾನೆ, ಹೋಗ್ಲಿ ಬಿಡಪ್ಪಾ ಅಂತಾನೆ, ಅಲ್ಲಿಗೆ ಮುಗಿದುಹೋಗುತ್ತೆ. ಕಾರ್ಡನ್ನೇ ಕಳಿಸು. ಜೊತೆಗೆ ಒಂದು ಹಾಳೇಲಿ ನಾಲ್ಕೇ ಸಾಲು, ಇದು ನಿಂದು, ಆವತ್ತು ನಾನೇ ತೆಗೆದಿದ್ದೆ, ಮೂರು ದಿನ ನಿನ್ನ ಜೊತೆ ಹುಡುಕಿದ್ದೂ ಸುಳ್ಳು, ಕ್ಷಮಿಸು ಅಂತ. ನೆಪ ಹೇಳೋಕೆ ಹೋಗಬೇಡ. ಕಾರ್ಡನ್ನ ಕಾಗದದ ಕವರಲ್ಲಿ ಹಾಕಿ, ಎರಡು ರಟ್ಟಿನ ಮಧ್ಯೆ ಇಟ್ಟು, ರಟ್ಟುಗಳಿಗೆ ಮಾತ್ರ ಟೇಪ್ ಸುತ್ತು, ಕಾರ್ಡಿಗೆ ತಾಗದ ಹಾಗೆ. ಸ್ಪೀಡ್ ಪೋಸ್ಟಲ್ಲಿ ಹಾಕು, ರಸೀದಿ ಇಟ್ಕೋ, ಲಕೋಟೆ ಮೇಲೆ ಮಡಚಬೇಡಿ ಅಂತ ಕೆಂಪು ಇಂಕಲ್ಲಿ ದಪ್ಪಗೆ ಬರಿ, ಪುಣೆಗೆ ಹೋಗೋದಲ್ವಾ, ಹಿಂದೀಲೂ ಬರಿ.